ಹಸಿ ಗೋಡೆ

ಇಟ್ಟಿಗೆ ಮೊಣಕಾಲೆತ್ತರಕ್ಕೆ ಬಂದಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಮೇಸ್ತ್ರಿಯ ಕೈಲಿದ್ದ ಕರಣೆ ನಿಂತುಬಿಟ್ಟಿತು. ದಂಗೆಯಲ್ಲಿ ಸತ್ತವರ ಹೆಣಗಳಿವೆ, ನಾತ ಹೊಡೆಯುವ ಮೊದಲು ನೆಲಮಾಳಿಗೆಯ ಬಾಗಿಲಿಗೆ ಗೋಡೆ ಕಟ್ಟಬೇಕು ಎಂದು ದಳಪತಿ ಬೆಳಗ್ಗೆ ಅಪ್ಪ ಮಗಳಿಬ್ಬರನ್ನೂ ಎಳೆದು ತಂದಿದ್ದ. ಹೆಣ ಕೆಮ್ಮುವುದುಂಟೆ?

ಗಾರೆ ಕಲಸುತ್ತಿದ್ದ ಮಗಳು ತಲೆ ಎತ್ತಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತ್ತು. ನೂಲಿನ ಗಿರಣಿಯ ದೂಳು ಕುಡಿದು ಬಂದ ಆ ಕೆಮ್ಮನ್ನು ಮೇಸ್ತ್ರಿಯೂ ಬಲ್ಲ. ಅದು ಅಳಿಯನದು.

ಅಳಿಯನ ಹೆಸರೆತ್ತಿದರೆ ಅವನಿಗೆ ಮೈ ಉರಿಯುತ್ತಿತ್ತು. ಒಬ್ಬನೇ ಮಗ ಸಿಪಾಯಿಯಾಗಿ ಹೋಗಿ ದಂಗೆಕೋರರ ಗುಂಡಿಗೆ ಬಲಿಯಾಗಿದ್ದ. ಅಳಿಯ ಅದೇ ದಂಗೆಕೋರರ ಕಡೆಯವನು. ನನ್ನ ಹೊಸಿಲು ತುಳಿಯಬೇಡ ಎಂದು ಮಾವ ಕಡ್ಡಿ ಮುರಿದಂತೆ ಹೇಳಿದ್ದ. ಅಣ್ಣನಿಗಾಗಿ ಇಲ್ಲಿ ಅತ್ತು, ಗಂಡನಿಗಾಗಿ ಅಲ್ಲಿ ಒಲೆ ಹಚ್ಚಿ, ಮಗಳು ಅಡಕತ್ತರಿಯಲ್ಲಿ ಸಿಕ್ಕಿದ್ದಳು.

ಅವಳು ಮುಂದಿನ ಬಾಂಡ್ಲಿ ತಂದಿಟ್ಟಳು. ಕರಣೆ ತಾಗಿದೊಡನೆ ಅವನಿಗೆ ಗೊತ್ತಾಯಿತು. ಬರೀ ಮರಳು, ಮಣ್ಣು; ಮೇಲೆ ತೋರಿಕೆಗಷ್ಟು ಸುಣ್ಣ. ಇದು ಎಂದೂ ಇಟ್ಟಿಗೆಯನ್ನು ಕಚ್ಚಿ ಹಿಡಿಯುವುದಿಲ್ಲ. ಒಳಗಿನವರು ಭುಜ ಕೊಟ್ಟು ನೂಕಿದರೆ ಸಾಕು, ಗೋಡೆ ಉರುಳುತ್ತದೆ. ಕೆಲಸ ಕೆಟ್ಟರೆ ನಿಮ್ಮಿಬ್ಬರನ್ನೂ ಒಳಗೆ ತಳ್ಳಿ ಬೇರೆಯವನ ಕೈಲಿ ಕಟ್ಟಿಸುತ್ತೇನೆ ಎಂದು ದಳಪತಿ ನಗುನಗುತ್ತಲೇ ಹೇಳಿದ್ದ.

"ಅಪ್ಪಾ," ಮಗಳು ಪಿಸುಗುಟ್ಟಿದಳು. "ಬೇಡ ಅಂದ್ರೆ ಬೇರೆ ಕಲಸ್ತೀನಿ."

ಮೇಸ್ತ್ರಿಗೆ ಮಗನ ಮುಖ ಕಣ್ಣಮುಂದೆ ಬಂತು. ಏನಾದರೂ ಹೇಳೀತೇನೋ ಎಂದು ಕಾದ. ಅದು ಏನೂ ಹೇಳಲಿಲ್ಲ.

"ಹದ ಸರಿಯಾಗಿದೆ," ಎಂದ, ಕಾವಲಿನ ಸಿಪಾಯಿಗೂ ಕೇಳುವಂತೆ. "ಹೀಗೇ ಇರ್ಲಿ. ಬೇಗ ತಾ."

ಅವಳು ಕಲಸಿ ತಂದ ಹಾಗೇ ಅವನು ಕಟ್ಟುತ್ತ ಹೋದ. ಹೊತ್ತು ಇಳಿಯುವಷ್ಟರಲ್ಲಿ ಗೋಡೆ ಬಾಗಿಲನ್ನು ಪೂರ್ತಿ ಮುಚ್ಚಿತು. ದಳಪತಿ ಬಂದು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. ಗಟ್ಟಿಯಾಗಿದೆಯೇ ಎಂದು ಕೇಳಿದ.

"ಹಸಿ ಇದೆ ಸ್ವಾಮಿ. ಒಣಗ್ಬೇಕು."

"ಒಣಗ್ಲಿ," ಎಂದ ದಳಪತಿ. "ಅಲ್ಲೀವರೆಗೂ ನೀವಿಬ್ರೂ ಇಲ್ಲೇ ಇರಿ."

ಸಿಪಾಯಿ ಅವರಿಗೆ ಗೋಡೆಯ ಬುಡದಲ್ಲೇ ಜಾಗ ತೋರಿಸಿದ. ಮಗಳು ಅಪ್ಪನಿಗೆ ಒತ್ತಿ ಕೂತಳು. ಎಷ್ಟೋ ವರ್ಷಗಳ ಮೇಲೆ ಹಾಗೆ ಕೂತದ್ದು. ಕೆಳಗಿನ ಸಂದಿನಿಂದ ಒಂದು ಚಿಟಿಕೆ ಮರಳು ಸದ್ದಿಲ್ಲದೆ ಜಾರಿ ನೆಲಕ್ಕೆ ಬಿತ್ತು. ಮೇಸ್ತ್ರಿ ಕಾಲು ಚಾಚಿ ಅದರ ಮೇಲೆ ಹಿಮ್ಮಡಿ ಇಟ್ಟುಕೊಂಡ.