ಇವ್ರು ಅಂತ್ಲೇ ಇದೆ

ಕಂಪ್ಯೂಟರ್ ಬಂದರೆ ಕೆಲಸ ಹಗುರಾಗುತ್ತದೆ ಎಂದು ಯಾವ ಪುಣ್ಯಾತ್ಮ ಹೇಳಿದನೋ, ಅವನನ್ನು ಹಿಡಿದು ತಂದು ಸಾಗರದ ಆ ಸಣ್ಣ ಸೊಸೈಟಿಯ ಹಿಂದಿನ ಕೋಣೆಯಲ್ಲಿ ಕೂರಿಸಬೇಕಿತ್ತು. ಎಂಬತ್ತೆಂಟರಲ್ಲಿ ಆ ಪೆಟ್ಟಿಗೆ ಬಂತು. ಅದಕ್ಕೆ ಧೂಳು ಆಗದು, ಸೆಖೆ ಆಗದು, ಚಪ್ಪಲಿ ಆಗದು. ಅದಕ್ಕೆಂದೇ ಒಂದು ಫ್ಯಾನು ಬಂತು. ಅದೇ ಕೋಣೆಯಲ್ಲಿ ಕೂತು ತಲೆಕೂದಲು ಉದುರಿಸಿಕೊಂಡ ಗುಮಾಸ್ತ ಹೇರಂಬ ಭಟ್ಟನಿಗೆ ಅಷ್ಟು ವರ್ಷ ಯಾರೂ ಫ್ಯಾನು ಹಾಕಿಸಿರಲಿಲ್ಲ. ಮೊದಲು ರಿಜಿಸ್ಟರಿನಲ್ಲಿ ಒಮ್ಮೆ ಬರೆದರೆ ಮುಗಿಯುತ್ತಿತ್ತು. ಈಗ ರಿಜಿಸ್ಟರಿನಲ್ಲೂ ಬರೆಯಬೇಕು, ಅದರ ಹೊಟ್ಟೆಗೂ ತುಂಬಬೇಕು. ಹಗುರಂತೆ!

ತುಂಬುವ ಕೆಲಸ ವರದಮ್ಮನದು. ತೀರ್ಥಹಳ್ಳಿ ಕಡೆಯ ಹೆಣ್ಣು, ಟೈಪಿಂಗ್ ಪಾಸಾದವಳು, ಮಾತು ಕಮ್ಮಿ, ಬೆರಳು ಚುರುಕು. ಗಂಡ ಮಂಜುನಾಥಪ್ಪ ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚಿನ ಕೆಲಸಕ್ಕಿದ್ದ. ವರದಮ್ಮ ತುಂಬಿದ್ದನ್ನು ಬೇಕೆಂದಾಗ ಹೊರಗೆ ತೆಗೆದುಕೊಡುವ ಕೆಲಸ ಹೇರಂಬನದು.

ಅದಕ್ಕೆ ಒಂದು ಹುಡುಕುವ ಪ್ರೋಗ್ರಾಮು ಇತ್ತು. ಶಿವಮೊಗ್ಗದಿಂದ ಬಂದು ಪೆಟ್ಟಿಗೆ ಕೂರಿಸಿದವನು ಫ್ಲಾಪಿಯಲ್ಲಿ ತಂದು ಹಾಕಿಕೊಟ್ಟಿದ್ದ. ಫೈಲಿನ ಹೆಸರು ಹೊಡೆದು ಗುಂಡಿ ಒತ್ತಿದರೆ ಸಾಕು, ಇಡೀ ಡಿಸ್ಕನ್ನು ಜಾಲಾಡಿ, ಎಲ್ಲಿದೆ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೋರಿಸುತ್ತಿತ್ತು. ಮೊದಲ ಸಲ ನೋಡಿದಾಗ ಮ್ಯಾನೇಜರ್ ಮುಕುಂದಯ್ಯ "ಎಲಾ ಇದರ!" ಎಂದು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಆದರೆ ಹೆಸರು ಇಟ್ಟವರು ಹೇಗೆ ಬರೆದಿದ್ದರೋ ಹಾಗೇ ಬರೆಯಬೇಕು. ಎಲ್ಲ ಇಂಗ್ಲಿಷ್ ಅಕ್ಷರ, ಅದೂ ಎಂಟರೊಳಗೆ. ದುಗ್ಗಪ್ಪ ಎಂಬ ಹೆಸರಿಗೆ ಯು ಹಾಕಿದ್ದಾರೋ ಎರಡು ಓ ಹಾಕಿದ್ದಾರೋ, ಹಾಕಿದವರಿಗೇ ಗೊತ್ತು. ಒಂದಕ್ಷರ ತಪ್ಪಿದರೆ 'ಇಲ್ಲ' ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿತ್ತು.

ಮರುವರ್ಷದ ಬೇಸಿಗೆಯಲ್ಲಿ ಒಂದು ದಿನ, ಊಟ ಮುಗಿಸಿ ಬಂದು ಹೇರಂಬ ಇನ್ನೂ ಕೂತಿರಲಿಲ್ಲ, ಶಿವಮೊಗ್ಗದಿಂದ ಟ್ರಂಕ್ ಕಾಲ್ ಬಂತು. ವರದಮ್ಮ ಎರಡು ದಿನದಿಂದ ರಜೆಯಲ್ಲಿದ್ದಳು.

"ಭಟ್ರೇ, ನಾನು ವರದಮ್ಮ. ಆಸ್ಪತ್ರೆಯಿಂದ ಮಾತಾಡ್ತಿದೀನಿ. ಇವ್ರಿಗೆ ಜ್ವರ ತಲೆಗೇರಿದೆ. ಎಚ್ರ ಇಲ್ಲ."

"ಅಯ್ಯೋ ದೇವ್ರೇ. ಡಾಕ್ಟ್ರು ಎಂತ ಅಂತಾರೆ?"

"ಇಂಜೆಕ್ಷನ್ ಕೊಡ್ಬೇಕು ಅಂತಾರೆ. ಆದ್ರೆ ಒಂದು ಔಷ್ದಿ ಇವ್ರ ಮೈಗೆ ಆಗಲ್ಲ. ಹಿಂದೆ ತೀರ್ಥಹಳ್ಳೀಲಿ ಕೊಟ್ಟಾಗ ಜೀವ ಹೋಗಿ ಬಂದಿತ್ತು. ಅದ್ಯಾವುದು ಅಂತ ತಿಳಿಯದೆ ಚುಚ್ಚೋಕೆ ಡಾಕ್ಟ್ರು ಹೆದರ್ತಿದಾರೆ. ನಂಗೆ ಆ ಔಷ್ದಿ ಹೆಸ್ರು ಬಾಯಿಗೆ ಬರ್ತಾ ಇಲ್ಲ ಭಟ್ರೇ! ಇವ್ರ ಕಾಯ್ಲೆ, ಔಷ್ದಿ ಎಲ್ಲಾ ನಮ್ಮ ಆಫೀಸ್ ಕಂಪ್ಯೂಟ್ರಲ್ಲಿ ಹೊಡ್ದಿಟ್ಟಿದೀನಿ. ತೆಗ್ದಿಡಿ, ಮತ್ತೆ ಫೋನ್ ಮಾಡ್ತೀನಿ."

"ತೀರ್ಥಹಳ್ಳಿ ಡಾಕ್ಟ್ರ ಚೀಟಿ ಇಲ್ವಾ?"

"ಕಂಪ್ಯೂಟ್ರಿಗೆ ಹಾಕಿದ ಮೇಲೆ ಒಲೆಗೆ ಹಾಕ್ದೆ. ಆ ಡಾಕ್ಟ್ರೂ ತೀರ್ಕೊಂಡಿದಾರೆ."

"ಯಾವ ಹೆಸ್ರಲ್ಲಿ ಇಟ್ಟಿದೀರಿ?"

ತಂತಿಯಲ್ಲಿ ಜೇನುಹುಳ ಎದ್ದ ಹಾಗೆ ಗುಂಯ್ ಎಂದಿತು. "ಇವ್ರು ಅಂತ್ಲೇ ಇದೆ" ಎಂದದ್ದು ಕೇಳಿಸಿತು, ಲೈನು ಕಡಿಯಿತು.

ಗಂಡನದೇ ಹೆಸರು ಎಂದಮೇಲೆ ಇನ್ನೇನು ಎಂದುಕೊಂಡ ಹೇರಂಬ. ಮಂಜುನಾಥಪ್ಪ ಉದ್ದ ಹೆಸರು, ಎಂಟಕ್ಷರಕ್ಕೆ ಕತ್ತರಿಸಿ ಎಂ, ಎ, ಎನ್, ಜೆ ಎಂದು ಹೊಡೆದ. ಇಲ್ಲ ಎಂದಿತು. ಜೆ ಮುಂದಿನ ಯು ತೆಗೆದ. ಇಲ್ಲ. ಬರೀ ಮಂಜು ಎಂದ. ಪುಣ್ಯಕ್ಕೆ ಅದೊಂದು ಸಿಕ್ಕಿತು. ತೆಗೆದರೆ ಯಾರೋ ಮಂಜಪ್ಪನ ಗೊಬ್ಬರದ ಬಿಲ್ಲು.

ಮುಕುಂದಯ್ಯ ಬೆನ್ನ ಹಿಂದೆ ಬಂದು ನಿಂತರು. "ಟಿ ಮುಂದೆ ಎಚ್ ಹಾಕಿ ನೋಡ."

"ಹಾಕ್ದೆ."

"ಎ ಮೊದ್ಲೋ ಯು ಮೊದ್ಲೋ ಸರಿ ನೋಡ ಮಾರಾಯ. ಒಬ್ಬನ ಜೀವದ ಪ್ರಶ್ನೆ."

"ನಂಗೆ ಗೊತ್ತಿಲ್ವಾ?" ಹೇರಂಬನಿಗೆ ರೇಗಿತು. ಜೀವದ ಪ್ರಶ್ನೆ ಎಂದು ಗೊತ್ತಿದ್ದೇ ಬೆರಳು ತಪ್ಪು ಗುಂಡಿಗೆ ಬೀಳುತ್ತಿತ್ತು. ಜ್ವರ ಎಂದು ಹುಡುಕಿದ. ಡಾಕ್ಟರ್ ಎಂದ, ಔಷಧಿ ಎಂದ, ತೀರ್ಥಹಳ್ಳಿ ಎಂದ. ಅಡ್ಡಹೆಸರಿರಬಹುದೇ ಎಂದು ಅಣ್ಣಪ್ಪ, ಮಂಜಣ್ಣ ಎಲ್ಲ ಆಯಿತು. "ಇಲ್ಲೆ, ಇಲ್ಲೆ" ಎಂದು ಪೆಟ್ಟಿಗೆಯ 'ಇಲ್ಲ'ವನ್ನೇ ಮನೆಯ ಹವ್ಯಕ ಮಾತಿನಲ್ಲಿ ಗೊಣಗಿಕೊಂಡ. ಇರುವ ಫೈಲನ್ನೆಲ್ಲ ಪಟ್ಟಿ ಮಾಡಿಸಿದರೆ ಹೆಸರುಗಳು ಪರದೆಯ ಮೇಲೆ ಓಡಿಹೋದವು, ಒಂದೂ ಕಣ್ಣಿಗೆ ನಿಲ್ಲಲಿಲ್ಲ. ಒಂದೊಂದನ್ನೇ ತೆರೆದು ನೋಡುತ್ತ ಹೋದರೆ ವಾರ ಬೇಕು.

ಅಷ್ಟರಲ್ಲಿ ಕರೆಂಟು ಹೋಯಿತು. ಪಕ್ಕದಲ್ಲೇ ಜೋಗ ಇಟ್ಟುಕೊಂಡು ಕತ್ತಲಲ್ಲಿ ಕೂರುವ ಭಾಗ್ಯ ಇನ್ಯಾರಿಗಿದೆ! ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ಮುಕುಂದಯ್ಯ ಫೋನಿನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಹೇರಂಬ ಅಂಗಿಯ ತುದಿಯಿಂದ ಕುತ್ತಿಗೆ ಒರೆಸಿಕೊಂಡ. ಅವನಿಗೆ ಸಾಕಾಗಿಹೋಗಿತ್ತು. ಆ ಪೆಟ್ಟಿಗೆಯನ್ನು ಎತ್ತಿ ಬಾವಿಗೆ ಹಾಕಬೇಕೆನಿಸಿತು. ಅಷ್ಟು ದೂರದ ಆಸ್ಪತ್ರೆಯ ಜಗಲಿಯಲ್ಲಿ ಒಬ್ಬ ಹೆಂಗಸು ತನ್ನನ್ನು ನಂಬಿಕೊಂಡು ನಿಂತಿದ್ದಾಳೆ, ತಾನು ಇಲ್ಲಿ ಅಕ್ಷರ ಹಿಂದೆ ಮುಂದೆ ಮಾಡುತ್ತ ಕೂತಿದ್ದೇನೆ ಎಂದು ಅಳು ಬಂದ ಹಾಗಾಯಿತು.

"ಸರಿಯಾಗಿ ಎಂತ ಅಂದ್ಳು ಅವ್ಳು?" ಮುಕುಂದಯ್ಯ ಕೇಳಿದರು.

"ಎಂತ ಅನ್ನೋದು, ಇವ್ರು ಅಂತ್ಲೇ ಇದೆ ಅಂದ್ರು."

ಹೇಳಿದವನು ತಟ್ಟನೆ ಎದ್ದು ನಿಂತ. ಇವ್ರಿಗೆ ಹುಷಾರಿಲ್ಲ, ಇವ್ರು ಊರಲ್ಲಿಲ್ಲ, ಇವ್ರು ಬಸ್ ಸ್ಟ್ಯಾಂಡಲ್ಲಿ ಕಾಯ್ತಿದಾರೆ. ಗಂಡನನ್ನು ವರದಮ್ಮ ಬೇರೇನೂ ಅಂದದ್ದೇ ಇಲ್ಲ. ಹಿಂದೊಮ್ಮೆ ಆಫೀಸಿನ ಕಾಗದದಲ್ಲಿ 'ಗಂಡನ ಹೆಸರು' ಎಂಬಲ್ಲಿಗೆ ಬಂದಾಗ ಪೆನ್ನು ಇವನ ಕೈಗೇ ಕೊಟ್ಟಿದ್ದಳು. "ನೀವೇ ಬರೀರಿ ಭಟ್ರೇ, ನಾನು ಬರ್ದ್ರೆ ಇವ್ರ ಆಯಸ್ಸು ಕಮ್ಮಿ ಆಗುತ್ತೆ" ಎಂದು ನಕ್ಕಿದ್ದಳು. ಕಾಗದದ ಮೇಲೆ ಬರೆಯದವಳು ಪರದೆಯ ಮೇಲೆ ಕುಟ್ಟಿಯಾಳೇ?

"ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವ್ರು ಹೆಸ್ರು ಹೇಳಿಯೇ ಹೇಳಿದಾರೆ ಸಾರ್. ಇವ್ರು! ಇವ್ರು ಅಂತ್ಲೇ ಇಟ್ಟಿದಾರೆ!"

ಮುಕುಂದಯ್ಯ ಅವನ ಮುಖ ನೋಡಿದರು, ಮೇಲೆ ತಿರುಗದ ಫ್ಯಾನು ನೋಡಿದರು. ಗೊತ್ತಾದರೂ ಕೈಯಲ್ಲಿ ಏನೂ ಇರಲಿಲ್ಲ. ಇಬ್ಬರೂ ಕೂತರು, ಎದ್ದರು, ಬಾಗಿಲ ತನಕ ಹೋಗಿ ಬಂದರು. ಬಿಸಿಲು ಮೆಟ್ಟಿಲಿಳಿದು ಅಂಗಳ ದಾಟಿದ ಮೇಲೆ ಕರೆಂಟು ಬಂತು. ಪೆಟ್ಟಿಗೆ ಮೈಮುರಿದು ಏಳುವುದಕ್ಕೆ ಅದರದೇ ಹೊತ್ತು ತೆಗೆದುಕೊಂಡಿತು.

ಐ, ವಿ, ಆರ್, ಯು.

ಎಷ್ಟು ಬೇಗ ತೋರಿಸಿತೆಂದರೆ ಹೇರಂಬನಿಗೆ ಅದರ ಮೇಲೆ ಸಿಟ್ಟೇ ಬಂತು. ಗೊಬ್ಬರದ ಬಿಲ್ಲುಗಳ ನಡುವೆ ತಣ್ಣಗೆ ಕೂತಿತ್ತು. ತೆರೆದರೆ ಇಂಗ್ಲಿಷ್ ಅಕ್ಷರದಲ್ಲಿ ಅವಳ ಮನೆಯ ಕನ್ನಡ. ಇವ್ರಿಗೆ ಕಾಮಾಲೆ ಬಂದದ್ದು, ಇವ್ರಿಗೆ ಲಾಂಚಿನ ಹಗ್ಗ ತಾಗಿ ಕೈ ಮುರಿದದ್ದು, ಇವ್ರಿಗೆ ಬದನೆಕಾಯಿ ತಿಂದರೆ ಮೈ ತುರಿಸುವುದು. ಮಂಜುನಾಥಪ್ಪ ಎಂಬ ಹೆಸರು ಒಳಗೂ ಎಲ್ಲೂ ಇರಲಿಲ್ಲ. ಕೊನೆಗೆ ಒಂದು ಸಾಲು: ಇವ್ರಿಗೆ ಈ ಇಂಜೆಕ್ಷನ್ ಯಾವತ್ತೂ ಕೊಡಬಾರದು. ಅದರ ಮುಂದೆ ಔಷಧಿಯ ಉದ್ದ ಹೆಸರು. ಹೇರಂಬ ಅದನ್ನು ದೊಡ್ಡಕ್ಷರದಲ್ಲಿ ಒಂದು ಹಾಳೆಗೆ ಇಳಿಸಿಕೊಂಡ.

ಫೋನ್ ಬಡಿದುಕೊಂಡಾಗ ಮುಕುಂದಯ್ಯ ಎತ್ತಿ ಅವನ ಕೈಗೇ ಕೊಟ್ಟರು.

"ವರದಮ್ಮ, ಸಿಕ್ತು! ಸಿಕ್ತು! ಡಾಕ್ಟ್ರನ್ನ ಕರೀರಿ, ಇಲ್ಲಾಂದ್ರೆ ನೀವೇ ಬರ್ಕೊಳಿ." ಹೇರಂಬ ಕೂಗಿ ಕೂಗಿ ಒಂದೊಂದೇ ಅಕ್ಷರ ಓದಿದ. ಅತ್ತ ಕಡೆಯಿಂದ ಹೂಂ ಎಂದೂ ಬರಲಿಲ್ಲ. ಲೈನು ಕಡಿಯಿತೇನೋ ಎಂದು ಎರಡನೇ ಸಲ ಪೂರ್ತಿ ಓದಿದ. "ಕೇಳಿಸ್ತಾ? ಬರ್ಕೊಂಡ್ರಾ?"

"ಕೇಳಿಸ್ತು ಭಟ್ರೇ." ಈ ಸಲ ಲೈನು ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಚೊಕ್ಕವಾಗಿತ್ತು. "ಡಾಕ್ಟ್ರು ಕಾದ್ರು. ಪಾಪ, ಬಾಳ ಹೊತ್ತು ಕಾದ್ರು. ಮಂಜುನಾಥಪ್ಪ ಕಾಯ್ಲಿಲ್ಲ."

ಹಾಳೆ ಹೇರಂಬನ ಕೈಯಲ್ಲೇ ಇತ್ತು.

"ಸ್ಪೆಲಿಂಗ್ ಇನ್ನೊಂದ್ಸಲ ಹೇಳ, ತಪ್ಪಾದೀತು" ಎಂದು ಮುಕುಂದಯ್ಯ ಪಕ್ಕದಿಂದ ಹೇಳುತ್ತಲೇ ಇದ್ದರು.