ಮಡಚಿಟ್ಟ ನದಿ

ಒಂದನ್ನು ಕಿತ್ತರೆ ಯಾರಿಗೆ ಗೊತ್ತಾಗುತ್ತದೆ? ಐವತ್ತೆಂಟು ಇದ್ದದ್ದು ಐವತ್ತೇಳಾಗುತ್ತದೆ, ಅಷ್ಟೆ. ಆದರೆ ಒಂದರಿಂದ ಏನೂ ಆಗುವುದಿಲ್ಲ. ಮೆಟ್ಟಿಲು ಉಳಿಯಬೇಕಾದರೆ ಮೂವತ್ತಾದರೂ ಕೀಳಬೇಕು. ಮೂವತ್ತು ಕಿತ್ತವನು ಸೋಮವಾರ ಕಚೇರಿಯಲ್ಲಿ ಮೇಡಂ ಎದುರು ಹೇಗೆ ನಿಲ್ಲುವುದು? ಹಾಗಾದರೆ ಈ ಒಂದರ ಕೆಳಗೆ ಉಗುರು ಯಾಕೆ ಹೋಯಿತು?

ನೀಲಿ ಚುಕ್ಕೆಯ ಅಂಚು ಅರ್ಧ ಎದ್ದಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಶನಿವಾರ ಸಂಜೆ ಐದೂವರೆ. ನದಿ ದಡದ ಪಾರ್ಕಿನಲ್ಲಿ ಹೊಸದಾಗಿ ಏನೇನು ಆಗಬೇಕು ಎಂದು ಜನರನ್ನು ಕೇಳಲು ಅವನ ಕಚೇರಿ ಮೂರು ದಿನದಿಂದ ಮರದ ನೆರಳಿನಲ್ಲಿ ಮೇಜು ಹಾಕಿತ್ತು. ಮೇಜಿನ ಮೇಲೆ ಅವನೇ ಬರೆದ ಪಾರ್ಕಿನ ನಕ್ಷೆ. ಬಂದವರಿಗೆ ಅಂಟಿಸುವ ಚುಕ್ಕೆಗಳನ್ನು ಕೊಡಬೇಕು. ಹಳದಿ ಎಂದರೆ ಈ ಜಾಗ ಇದ್ದ ಹಾಗೇ ಇರಲಿ, ನೀಲಿ ಎಂದರೆ ಗಾಡಿ ನಿಲ್ಲಿಸಲು ಕೊಡಿ, ಹಸಿರು ಎಂದರೆ ಇಲ್ಲಿ ಹೊಸದೇನಾದರೂ ಕಟ್ಟಿ. ಏನೆಂದು ಪಕ್ಕದಲ್ಲಿ ಬರೆದರಾಯಿತು. ನಕ್ಷೆಯಲ್ಲಿ ಒಂದಕ್ಷರವೂ ಇರಲಿಲ್ಲ. ಹೆಸರು ಕಂಡರೆ ಜನ ಜಾಗ ಬಿಟ್ಟು ಹೆಸರಿಗೇ ಚುಕ್ಕೆ ಹಾಕುತ್ತಾರೆ ಎನ್ನುವುದು ಮೇಡಂ ಅವರ ಅನುಭವ.

ಪಾರ್ಕಿನ ಒಂದು ತುದಿಯಲ್ಲಿ, ನೀರಿಗೆ ತಾಗಿ, ಹಳೆಯ ದೋಣಿ ಮೆಟ್ಟಿಲು. ಇನ್ನೊಂದು ತುದಿಯಲ್ಲಿ, ರಸ್ತೆಗೆ ತಾಗಿ, ಮುಚ್ಚಿಹೋದ ಮಂಜುಗಡ್ಡೆ ಕಾರ್ಖಾನೆಯ ಬಯಲು. ಐವತ್ತೆಂಟು ನೀಲಿ ಚುಕ್ಕೆಗಳು ಮೆಟ್ಟಿಲ ಮೇಲೆ ಕೂತಿದ್ದವು. ಗಾಜಿನ ಚೂರು, ತುಕ್ಕು ಹಿಡಿದ ಡ್ರಮ್ಮುಗಳ ಆ ಬಯಲಿನ ಮೇಲೆ ಹೆಚ್ಚುಕಡಿಮೆ ಅಷ್ಟೇ ಹಳದಿ.

ಆ ಮೆಟ್ಟಿಲಿನಿಂದ ಅವನ ಅಪ್ಪ ಇಪ್ಪತ್ತೆಂಟು ವರ್ಷ ದೋಣಿ ನಡೆಸಿದ್ದರು. ಸೇತುವೆಯಾದ ಮೇಲೆ ದೋಣಿ ನಿಂತಿತು. ಅಪ್ಪ ಮಾತ್ರ ಸಂಜೆ ಹೊತ್ತು ಮೂರನೇ ಮೆಟ್ಟಿಲಿನಲ್ಲಿ ಕೂರುವುದನ್ನು ಬಿಡಲಿಲ್ಲ. ರಜಾದಿನಗಳಲ್ಲಿ ಅಮ್ಮ ಕಟ್ಟಿಕೊಟ್ಟ ಬುತ್ತಿ ತೆಗೆದುಕೊಂಡು ಅವನು ಅಲ್ಲಿಗೆ ಹೋಗುತ್ತಿದ್ದ. ಇಬ್ಬರೂ ಅಕ್ಕಪಕ್ಕ ಕೂತು ಉಣ್ಣುತ್ತಿದ್ದರು. ಊಟ ಮುಗಿಯುವವರೆಗೆ ಒಂದು ಮಾತೂ ಇರುತ್ತಿರಲಿಲ್ಲ. ಅಷ್ಟು ತುಂಬಿದ ಊಟವನ್ನು ಅವನು ಮತ್ತೆಲ್ಲೂ ಉಂಡಿಲ್ಲ.

"ಮುಗೀತಾ?" ಅಪ್ಪ ಬಂದು ಮೇಜಿನ ಆಚೆ, ಜನ ನಿಲ್ಲುವ ಕಡೆ ನಿಂತಿದ್ದರು.

"ಮುಗೀತು. ಎಣಿಸ್ತಾ ಇದ್ದೆ."

ಅಪ್ಪ ಕನ್ನಡಕ ಹಾಕಿಕೊಂಡು ನಕ್ಷೆಯನ್ನು ನೋಡಿದರು. ಒಮ್ಮೆ ತಲೆಯೆತ್ತಿ ಎದುರಿನ ನದಿಯನ್ನು ನೋಡಿದರು. ಮತ್ತೆ ನಕ್ಷೆ, ಮತ್ತೆ ನದಿ. ದೋಣಿ ಬಿಡುವ ಮುಂಚೆ ನೀರನ್ನು ಹಾಗೆ ನೋಡುವುದು ಅವರ ರೂಢಿ. ಆಗ ಯಾರೂ ಮಾತಾಡಿಸುತ್ತಿರಲಿಲ್ಲ.

"ನದಿ ಎಲ್ಲೋ ಇದರಲ್ಲಿ?"

"ಕೆಳಗಡೆ. ಟೇಬಲ್ ಸಾಲ್ಲಿಲ್ಲ ಅಂತ ಆ ಅಂಚನ್ನ ಅಡೀಗೆ ಮಡಚಿದೀನಿ. ಪಾರ್ಕಿನ ಲೆಕ್ಕಕ್ಕೆ ನದಿ ಬರಲ್ವಲ್ಲ."

"ನದೀನೇ ಮಡಚಿಟ್ಟಿದೀಯಾ?" ಅಪ್ಪ ನಕ್ಕರು. "ಮತ್ತೆ ಮೇಲ್ಗಡೆ ಈ ಬೂದು ಪಟ್ಟಿ?"

"ಅದು ರಸ್ತೆ."

"ಹೌದಾ. ನಾನು ನೀರು ಅಂದ್ಕೊಂಡೆ."

ನದಿಗೆ ಬೆನ್ನು ಹಾಕಿ ಕೂತಿದ್ದ ಅವನು ಎದ್ದು, ಮೇಜು ಬಳಸಿ, ಅಪ್ಪನ ಪಕ್ಕ ಬಂದು ನಿಂತ. ಮೂರು ದಿನದಲ್ಲಿ ಒಮ್ಮೆಯೂ ಅವನು ಈ ಕಡೆಯಿಂದ ನೋಡಿರಲಿಲ್ಲ. ಎದುರಿಗೆ ನದಿ, ನಕ್ಷೆಯ ಆಚೆ ಅಂಚಿನಲ್ಲಿ ಬೂದು ಪಟ್ಟಿ. ಯಾರಾದರೂ ಅದನ್ನೇ ನದಿ ಎನ್ನುತ್ತಾರೆ. ಹಾಗೆಂದುಕೊಂಡ ಮೇಲೆ ಇಡೀ ಪಾರ್ಕೇ ತಿರುಗಿ ಬೀಳುತ್ತದೆ. ಮೆಟ್ಟಿಲು ಇರುವಲ್ಲಿ ಬಯಲು, ಬಯಲು ಇರುವಲ್ಲಿ ಮೆಟ್ಟಿಲು.

ಅಂಚು ಎದ್ದಿದ್ದ ನೀಲಿ ಚುಕ್ಕೆ ಅಪ್ಪನ ಕಣ್ಣಿಗೆ ಬಿತ್ತು. ಅವರು ಹೆಬ್ಬೆರಳಿನಿಂದ ಅದನ್ನು ಒತ್ತಿ ಕೂರಿಸಿದರು. ಇಬ್ಬರೂ ಮನೆಯ ಕಡೆ ನಡೆದರು.

ಜನ ನಿಜವಾಗಿ ತಪ್ಪಿದ್ದರೋ, ಅಥವಾ ತಪ್ಪಿರಲಿ ಎನ್ನುವುದು ತನ್ನ ಆಸೆಯೋ? ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ಅವನಿಗೆ ಬಗೆಹರಿದಿರಲಿಲ್ಲ. ಮೇಡಂಗೆ ಫೋನ್ ಮಾಡಿ ನಕ್ಷೆ ತಿರುಗಿಬಿದ್ದ ವಿಷಯವನ್ನೆಲ್ಲ ಹೇಳಿದ.

"ನಿಮ್ಮ ತಂದೆ ಆ ಮೆಟ್ಟಿಲಿಂದಾನೇ ದೋಣಿ ಬಿಡ್ತಿದ್ದಿದ್ದು ಅಲ್ವಾ?" ಎಂದರು ಮೇಡಂ.

"ಹೌದು ಮೇಡಂ."

"ಹಾಗಾದ್ರೆ ನಿಮ್ಮ ಮಾತನ್ನ ನಾನು ನಂಬಲ್ಲ. ನೀವೂ ನಂಬಬೇಡಿ. ನಾಳೆ ಹೊಸ ನಕ್ಷೆ ತನ್ನಿ, ನದಿ ಸಮೇತ. ಚುಕ್ಕೆ ನಾನು ಕೊಡ್ತೀನಿ. ನೀವು ದೂರ ನಿಂತು ತಪ್ಪಾಯ್ತು ಅಂತ ಹೇಳ್ತಾ ಇರಿ."

ಭಾನುವಾರ ಬೆಳಿಗ್ಗೆ ಪಾರ್ಕಿನ ಎದುರಿನ ಅಂಗಡಿಯಿಂದ ಕ್ಷೌರಿಕ ತನ್ನ ಬೆಂಚನ್ನು ತಂದು, ನದಿಗೂ ಜಾಗ ಸಾಲಲೆಂದು, ಮೇಜಿಗೆ ಜೋಡಿಸಿದ. ಈ ಸಲ ನಕ್ಷೆಯ ನದಿ ನಿಜವಾದ ನದಿಯ ಕಡೆಗೇ ಇತ್ತು. ಮೇಡಂ ಹೇಳಿದಂತೆ ಅವನು ಗೇಟಿನ ಬಳಿ ನಿಂತು ಬಂದವರಿಗೆಲ್ಲ ಒಂದೇ ಮಾತು ಹೇಳಿದ: ನಕ್ಷೆ ಮಡಚಿದ್ದು ನನ್ನ ತಪ್ಪು, ದಯವಿಟ್ಟು ಇನ್ನೊಮ್ಮೆ ಹಾಕಿ. ಯಾವ ಜಾಗ, ಯಾವ ಬಣ್ಣ ಎಂದು ಬಾಯಿಬಿಡಲಿಲ್ಲ. ಮೊದಲ ಹತ್ತು ಜನಕ್ಕೆ ಹೇಳುವಾಗ ಕಿವಿ ಬಿಸಿಯಾಯಿತು. ಆಮೇಲೆ ಅದೂ ಅಭ್ಯಾಸವಾಯಿತು.

"ಏನ್ ತಮ್ಮಾ, ಮೂರು ದಿನ ನಮಗೆ ಆಟ ಆಡಿಸಿದ್ಯಾ?" ಎಂದಳು ಮೀನು ಮಾರುವಾಕೆ. ಮೇಜಿನ ಹತ್ತಿರ ಹೋಗಿ ಹಳೆಯ ನಕ್ಷೆಯನ್ನೂ ಹೊಸದನ್ನೂ ನೋಡಿದವಳು ಸೊಂಟದ ಮೇಲೆ ಕೈಯಿಟ್ಟಳು. "ಮೆಟ್ಟಿಲ ಮೇಲೆ ಗಾಡಿ ನಿಲ್ಲಿಸಿ ಅಂತ ನಾನು ಹೇಳಿದ್ನಾ? ನನಗೇನು ತಲೆ ಕೆಟ್ಟಿದ್ಯಾ? ನಾನು ಬುಟ್ಟಿ ಎಲ್ಲಿ ತೊಳೀಲಿ?"

"ಕನ್ನಡೀಲಿ ಎಡ ಬಲ ಅದಲು ಬದಲಾಗೋದು ನನಗೆ ದಿನದ ಕೆಲಸ ಕಣಕ್ಕ," ಎಂದ ಕ್ಷೌರಿಕ. "ನಾನೇ ಮೋಸ ಹೋದೆ ನೋಡು."

"ನೀನು ಮೋಸ ಹೋಗು, ಪರವಾಗಿಲ್ಲ. ಗಿರಾಕಿ ಕಿವಿ ಹೋಗದೆ ಇದ್ರೆ ಸಾಕು."

ಗೇಟಿನವರೆಗೂ ನಗು ಕೇಳಿಸಿತು. ಮೇಡಂ ಕೂಡ ನಗುತ್ತಿದ್ದುದನ್ನು ಅವನು ಮೊದಲ ಸಲ ನೋಡಿದ.

ನಾಲ್ಕು ಗಂಟೆಗೆ ಅಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಮಗನ ಕ್ಷಮಾಪಣೆಯನ್ನು ಎಲ್ಲರ ಹಾಗೆ ನಿಂತು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ ಒಳಗೆ ಹೋದರು. ಸರತಿಯಲ್ಲಿ ನಿಂತರು. ಮೇಡಂ ಮೂರೂ ಬಣ್ಣದ ಹಾಳೆ ಮುಂದಿಟ್ಟರು. ಅಪ್ಪ ಹಸಿರು ಚುಕ್ಕೆಯೊಂದನ್ನು ಬಿಡಿಸಿಕೊಂಡು, ಬಯಲಿನ ಮೂಲೆಯಲ್ಲಿ ಅಂಟಿಸಿ, ಪಕ್ಕದಲ್ಲಿ ನಿಧಾನವಾಗಿ ಏನೋ ಬರೆದರು. ಹಳದಿ ಹಾಳೆಯನ್ನು ಮುಟ್ಟಲೇ ಇಲ್ಲ.

ಐದೂವರೆಗೆ ಮೇಡಂ ಎಣಿಸಿ ಅವನನ್ನು ಕರೆದರು. ಮೆಟ್ಟಿಲ ಮೇಲೆ ಅರವತ್ತೊಂದು ಹಳದಿ, ನಾಲ್ಕು ನೀಲಿ. ಉಳಿದ ನೀಲಿಯೆಲ್ಲ ಕಾರ್ಖಾನೆಯ ಬಯಲಿನಲ್ಲಿ.

"ಈಗ ನಂಬ್ತೀನಿ," ಎಂದರು ಮೇಡಂ. "ವರದೀಲಿ ಮಡಚಿದ ಕತೇನೂ ಬರೀರಿ. ಮುಂದೆ ಬರೋರಿಗೆ ಉಪಯೋಗಕ್ಕೆ ಬರುತ್ತೆ."

ಅಪ್ಪ ಮೂರನೇ ಮೆಟ್ಟಿಲಿನಲ್ಲಿ ಕೂತಿದ್ದರು. ಅವನು ಹೋಗಿ ಪಕ್ಕದಲ್ಲಿ ಕೂತ. ನೀರು ಮೊದಲ ಮೆಟ್ಟಿಲನ್ನು ತಾಗಿ ಹೋಗುತ್ತಿತ್ತು. ಕೆಳಗೆ ಮೀನಿನಾಕೆ ಬುಟ್ಟಿ ತೊಳೆಯುತ್ತಿದ್ದಳು.

"ಉಳೀತು," ಎಂದ ಅವನು.

"ಹೂಂ."

"ನೀವು ಮಾತ್ರ ಇದಕ್ಕೆ ಹಾಕ್ಲಿಲ್ಲ."

"ಇದು ಬೇಕಾದವರು ಹಾಕ್ತಾರೆ ಬಿಡು. ನಂದು ಹಳೇ ಬಾಕಿ ಒಂದಿತ್ತು." ಅಪ್ಪ ಮೊಣಕಾಲು ಉಜ್ಜಿಕೊಂಡರು. "ದೋಣಿಗೆ ಕಾಯ್ತಿದ್ದ ಹೆಂಗಸರು ಇಪ್ಪತ್ತೆಂಟು ವರ್ಷ ನನ್ನನ್ನೇ ಕೇಳಿದ್ರು, ಇಲ್ಲಿ ಶೌಚಾಲಯ ಎಲ್ಲಿದೆ ಅಂತ. ಆಚೆ ದಡ ತೋರಿಸ್ತಿದ್ದೆ. ಪಾಪ, ದೋಣೀಲಿ ಬಿಗಿಯಾಗಿ ಕೂತಿರೋರು."

ಅವನಿಗೆ ನಗು ಬಂತು. ಅಪ್ಪನೂ ನಕ್ಕರು. ಆಮೇಲೆ ಇಬ್ಬರೂ ಸುಮ್ಮನಾದರು, ಆ ಬುತ್ತಿಯ ದಿನಗಳ ಹಾಗೆ. ಅಪ್ಪನ ಹೆಬ್ಬೆರಳು ಕಲ್ಲಿನ ಅಂಚನ್ನು ಸವರುತ್ತಿತ್ತು. ಕೇಳಬೇಕಾದ್ದು ಏನಾದರೂ ಇದ್ದರೆ ಈಗ ಕೇಳಬಹುದಿತ್ತು. ಅವರು ಕೇಳಲಿಲ್ಲ.

ಆ ಶನಿವಾರ ನೀಲಿ ಚುಕ್ಕೆಯ ಅಂಚು ಎದ್ದದ್ದು ತನ್ನ ಉಗುರಿನಿಂದ ಎಂದು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.