ಬಾಗಿಲ ಬುಡದ ಮೂರು ತೂತು

ಹೊರಗೆ ಹಿಮ ಬೀಳುತ್ತಿದ್ದ ಚಳಿಗಾಲ. ಬೆಳಿಗ್ಗೆ ಆರರ ಪಾಳಿ ಆಗಷ್ಟೇ ಶುರುವಾಗಿತ್ತು. ಆ ಹೊತ್ತಿನಲ್ಲಿ ದೂರದೇಶದ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ನಾನು ಒಂದು ಬಾಗಿಲು. ಚಿಕ್ಕ ವಿಮಾನದ ಹಿಂಬದಿಯ ಬಾಗಿಲು. ಮುಚ್ಚಿದರೆ ಗೋಡೆ, ಕೆಳಗಿಳಿಸಿದರೆ ಮೆಟ್ಟಿಲು. ಮೈಯೆಲ್ಲ ಅಲ್ಯೂಮಿನಿಯಂ, ಒಳಗೆ ಪೊಳ್ಳು. ಬುಡದಲ್ಲಿ ಸಾಲಾಗಿ ಮೂರು ತೂತು. ಒಳಗೆ ಸೇರಿದ ನೀರು ಹೊರಗೆ ಹೋಗಲೆಂದು ಕೊರೆದದ್ದು.

ಮೆಟ್ಟಿಲಾದವನಿಗೆ ಜನರ ಮುಖಕ್ಕಿಂತ ಕಾಲೇ ಹೆಚ್ಚು ಪರಿಚಯ. ಹನ್ನೆರಡು ವರ್ಷ ದಪ್ಪ ಬೂಟುಗಳು ನನ್ನನ್ನು ತುಳಿದವು. ಆಮೇಲೆ ಅಲ್ಲಿನ ಕಂಪನಿಯವರು ವಿಮಾನ ಮಾರಿದರು. ನಾನು ನಮ್ಮ ಕರಾವಳಿಗೆ ಬಂದೆ. ಇಲ್ಲಿ ಚಪ್ಪಲಿಗಳು, ಚಪ್ಪಲಿಗಳಲ್ಲಿ ಕಡಲ ಮರಳು. ಗಾಳಿಯಲ್ಲೇ ಉಪ್ಪು.

ಇಲ್ಲಿ ನನ್ನನ್ನು ನೋಡಿಕೊಂಡವರು ದೇಜಪ್ಪ. ಹಿಂದೆ ಮಲ್ಪೆಯ ದಕ್ಕೆಯಲ್ಲಿ ದೋಣಿ ದುರಸ್ತಿ ಮಾಡುತ್ತಿದ್ದವರು. ಉಪ್ಪು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ, ಸಿಹಿನೀರಿನಲ್ಲಿ ನನ್ನನ್ನು ತೊಳೆಯುತ್ತಿದ್ದರು. ತೂತುಗಳಿಗೆ ಹಿಡಿಸೂಡಿ ಪೊರಕೆಯ ತೆಂಗಿನ ಕಡ್ಡಿ ಹಾಕಿ ಕಸ ತೆಗೆಯುತ್ತಿದ್ದರು. ಒಣಗಿದ ಮೇಲೆ ಕನ್ನಡಿ, ಟಾರ್ಚು ಹಿಡಿದು ಒಳಗೆ ಇಣುಕಿ, ತುಕ್ಕು ತಡೆಯುವ ಎಣ್ಣೆ ಹೊಡೆಯುತ್ತಿದ್ದರು.

"ತಂತಿ ಹಾಕಿದ್ರೆ ಬೇಗ ಆಗ್ತದಲ್ಲ?" ಎಂದು ಯಾರೋ ಒಮ್ಮೆ ಕೇಳಿದ್ದರು.

"ನಿನ್ನ ಹಲ್ಲಿಗೂ ತಂತಿ ಹಾಕ್ತೀಯಾ ಮಾರಾಯ? ಗೀರು ಬಿದ್ದಲ್ಲಿಂದಲೇ ಉಪ್ಪು ತಿನ್ಲಿಕ್ಕೆ ಶುರು ಮಾಡುದು."

ಪ್ರತಿ ಆಯುಧಪೂಜೆಗೆ ಹ್ಯಾಂಗರಿನಲ್ಲಿ ಸ್ಪ್ಯಾನರಿನಿಂದ ಹಿಡಿದು ವಿಮಾನದವರೆಗೆ ಎಲ್ಲಕ್ಕೂ ಗಂಧ, ಕುಂಕುಮ. ದೇಜಪ್ಪ ನನಗೆ ಬುಡದ ಮೂರು ತೂತಿನ ಮೇಲೇ ಹೆಬ್ಬೆರಳಿನಿಂದ ಗಂಧದ ಬೊಟ್ಟು ಒತ್ತುತ್ತಿದ್ದರು. ಮರುದಿನ ತಾವೇ ತೊಳೆಯುತ್ತಿದ್ದರು. ಮಳೆ ಮುಗಿದ ಮೇಲಿನ ತೊಳೆತವೂ ಅದೇ.

ಒಂದು ವರ್ಷ ಹಬ್ಬದ ಸಂಜೆಯೇ ಕೆಲಸದ ಚೀಟಿಗಳನ್ನು ಫೈಲಿಗೆ ಸೇರಿಸಬೇಕಾಯಿತು. ದೇಜಪ್ಪ ನನ್ನನ್ನು ತೊಳೆಯುವ ಕೆಲಸದ ಚೀಟಿಯಲ್ಲಿ ಸರಿ ಗುರುತು ಹಾಕಿ ಇಂಜಿನಿಯರ್ ನಫೀಸಾ ಅವರ ಮುಂದಿಟ್ಟರು. ಏಳು ವರ್ಷ ಪರೀಕ್ಷೆಗಳನ್ನು ಬರೆದು, ಸಹಿ ಹಾಕುವ ಲೈಸೆನ್ಸು ಆಕೆಯ ಕೈಗೆ ಬಂದು ಇನ್ನೂ ಒಂದು ತಿಂಗಳು.

"ಆಯ್ತಾ ದೇಜಪ್ಪಣ್ಣ?"

"ಆಯ್ತು ಮೇಡಂ."

ಆಕೆ ಸಹಿ ಹಾಕಿದರು. ಮರುದಿನ ಬೆಳಿಗ್ಗೆ ಬೇರೆ ಊರಿನಲ್ಲಿ ಒಂದು ವಿಮಾನ ಕೆಟ್ಟು ನಿಂತದ್ದರಿಂದ ಅದರ ಬದಲಿಗೆ ನಮ್ಮ ವಿಮಾನವನ್ನು ಅಲ್ಲಿಗೆ ಕಳಿಸಿದರು. ನಾವು ಮರಳಿದ್ದು ಹತ್ತು ದಿನದ ಮೇಲೆ. ಅಷ್ಟರಲ್ಲಿ ಹೊರಗಿನ ಕುಂಕುಮವನ್ನು ಯಾರೋ ಒರೆಸಿದ್ದರು. ತೂತಿನೊಳಗಿನ ಗಂಧ ಮಣ್ಣಿನಂತೆ ಗಟ್ಟಿಯಾಗಿತ್ತು. ಚೀಟಿಯಲ್ಲಿ ಕೆಲಸ ಮುಗಿದಿತ್ತು, ಹಾಗಾಗಿ ಯಾರೂ ಕೇಳಲಿಲ್ಲ. ದೇಜಪ್ಪನವರಿಗೂ ಮರೆತುಹೋಯಿತು. ಮಳೆಯ ನೀರು, ತೊಳೆದ ನೀರು, ಚೆಲ್ಲಿದ ಚಹಾ ಎಲ್ಲ ನನ್ನ ಬುಡದಲ್ಲಿ ನಿಂತವು. ನನಗೆ ನೋವಾಗಲಿಲ್ಲ. ತುಕ್ಕು ನೋಯಿಸಿ ತಿನ್ನುವುದಿಲ್ಲ.

ಮೇ ತಿಂಗಳಲ್ಲಿ ದೇಜಪ್ಪ ಮಳೆಗೆ ಮುಂಚಿನ ಕೆಲಸಕ್ಕೆ ಕೂತರು. ಕಡ್ಡಿ ಒಳಗೆ ಹೋಗಲಿಲ್ಲ. ಕನ್ನಡಿ ಹಿಡಿದು ನೋಡಿದರು. ಬಿಳಿ ಪುಡಿ. ಲೋಹ ಪದರು ಪದರಾಗಿ ಎದ್ದಿತ್ತು. ಅವರು ಕನ್ನಡಿ ಕೆಳಗಿಟ್ಟು ಎದ್ದರು. ಆಮೇಲೆ ಕಚೇರಿಗೆ ಹೋಗಿ ವಿಷಯ ತಿಳಿಸಿದರು. ಹೇಗಾಯಿತೆಂದು ಮಾತ್ರ ಹೇಳಲಿಲ್ಲ. ಅವರ ನಿವೃತ್ತಿಗೆ ಆರು ವಾರ ಉಳಿದಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪೂ ಅವರ ಹೆಸರಿನಲ್ಲಿರಲಿಲ್ಲ.

ತಪಾಸಣೆಗೆ ಹುಬ್ಬಳ್ಳಿ ಕಡೆಯ ಬಳೂಟಗಿ ಎಂಬ ಅಧಿಕಾರಿ ಬಂದರು. ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಚೀಟಿ ಬಿಡಿಸಿದರು.

"ಈ ಸಹಿ ಯಾರದ್ರಿ?"

"ನನ್ನದು ಸರ್," ಎಂದರು ನಫೀಸಾ.

"ತೂತಿನ್ಯಾಗ ಹಣಿಕಿ ನೋಡಿ ಹಾಕೀರೇನು?"

ಆಕೆ ತಲೆ ತಗ್ಗಿಸಿದರು. "ಇಲ್ಲ ಸರ್. ಕೇಳಿ ಹಾಕಿದ್ದು."

"ಹಂಗಾದ್ರ ನಿಮ್ಮ ಲೈಸೆನ್ಸ್ ತಂದು ಈ ಟೇಬಲ್ ಮ್ಯಾಲ ಇಡ್ರಿ."

ದೇಜಪ್ಪ ಹಿಂದಿನಿಂದ ಮುಂದೆ ಬಂದರು. "ಸರ್, ಅವರು ಆಯ್ತಾ ಅಂತ ಕೇಳಿದ್ರು. ನಾನು ಆಯ್ತು ಅಂದೆ. ಆಗಿರ್ಲಿಲ್ಲ."

"ಯಾಕ ಸುಳ್ಳು ಹೇಳಿದ್ರಿ? ಇಷ್ಟು ವರ್ಷದ ಮನಿಷಾ ನೀವು."

"ಹಬ್ಬದ ದಿನವೇ ಬೊಟ್ಟು ಅಳಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ನಾಳೆ ಹೇಗೂ ಮಾಡ್ಲಿಕ್ಕುಂಟಲ್ಲ ಅಂತ ಟಿಕ್ ಹಾಕಿದೆ."

ಬಳೂಟಗಿ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ ಬರೆದರು. ನಫೀಸಾ ಅವರಿಗೆ ಎಚ್ಚರಿಕೆಯ ಪತ್ರ, ಲೈಸೆನ್ಸು ಉಳಿಯಿತು. ದೇಜಪ್ಪ ನಿವೃತ್ತಿಯವರೆಗೆ ಯಾವ ವಿಮಾನವನ್ನೂ ಮುಟ್ಟಬಾರದು.

ನನ್ನನ್ನು ಕಳಚಿ ಹ್ಯಾಂಗರಿನ ಮೂಲೆಯಲ್ಲಿ, ಹಳೆಯ ಟೈರುಗಳ ಪಕ್ಕ ಒರಗಿಸಿದರು. ನನ್ನ ಜಾಗಕ್ಕೆ ಹೊಸ ಬಾಗಿಲು ಬಂತು. ದೇಜಪ್ಪ ಸಾಮಾನು ಕೋಣೆಯ ಕಿಟಕಿಯಲ್ಲಿ ಕೂತು ಸ್ಪ್ಯಾನರು ಎತ್ತಿಕೊಡುತ್ತಿದ್ದರು. ಆ ದಿನಗಳಲ್ಲೆಲ್ಲ ನಫೀಸಾ ದೇಜಪ್ಪನವರೊಡನೆ ಮಾತಾಡಲಿಲ್ಲ.

ಕೊನೆಯ ದಿನ ಆಕೆ ಹೊಸದಾಗಿ ಸೇರಿದ ಮೂವರನ್ನು ನನ್ನ ಮುಂದೆ ನಿಲ್ಲಿಸಿ ದೇಜಪ್ಪನವರನ್ನು ಕರೆದರು.

"ದೇಜಪ್ಪಣ್ಣ, ಇದು ಈಗ ವಿಮಾನ ಅಲ್ಲ. ಬರೀ ಬಾಗಿಲು. ಮುಟ್ಟಬಹುದು."

"ಎಂತ ಹೇಳುದು ಇವರಿಗೆ?"

"ಆದದ್ದನ್ನೇ ಹೇಳಿ."

ದೇಜಪ್ಪ ನೆಲಕ್ಕೆ ಮೊಣಕಾಲೂರಿ, ನನ್ನ ಬುಡದ ಸವೆದ ಅಂಚಿನ ಮೇಲೆ ಬೆರಳಿಟ್ಟರು. ಎಲ್ಲವನ್ನೂ ಹೇಳಿದರು. ತೊಳೆಯುವ ಮೊದಲೇ ಗುರುತು ಹಾಕಿದ್ದು, ಆಯ್ತು ಎಂದದ್ದು, ಮರೆತದ್ದು. ತನ್ನನ್ನು ಉಳಿಸಿಕೊಳ್ಳುವ ಒಂದು ಮಾತನ್ನೂ ಸೇರಿಸಲಿಲ್ಲ. ನಫೀಸಾ ಕೊನೆಯವರೆಗೂ ನಿಂತು ಕೇಳಿದರು. ದೇಜಪ್ಪ ಏಳುವಾಗ ಅವರ ಕೈ ಹಿಡಿದು ಎಬ್ಬಿಸಿದರು.

ಬಾಗಿಲಾದ ನನಗೆ ಹತ್ತುವವರು, ಇಳಿಯುವವರು ಹೊಸಬರಲ್ಲ. ಯಾರನ್ನೂ ಲೆಕ್ಕವಿಟ್ಟವನಲ್ಲ. ಇದೊಂದು ಮಾತ್ರ ನೆನಪಿದೆ. ದೇಜಪ್ಪ ಹೊರಟುಹೋದದ್ದು ಜೂನ್ ತಿಂಗಳ ಕೊನೆಯ ಶನಿವಾರ.